ಅವ್ವನ ಕುಚ್ಚಿನ ದಾರ

ಇಳಕಲ್ಲಿನ ನಮ್ಮ ಮನೆಯಲ್ಲಿ ಅವ್ವನನ್ನು ಕರೆಯಬೇಕಾದರೆ ಯಾರೂ ಬಾಯಿ ಬಳಸುತ್ತಿರಲಿಲ್ಲ, ದಾರ ಜಗ್ಗುತ್ತಿದ್ದೆವು. ಪಡಸಾಲೆಯ ಗೋಡೆಗೆ ಒಂದು ಹಿತ್ತಾಳೆಯ ಬಳೆ ಬಡಿದಿತ್ತು. ಅದರೊಳಗಿಂದ ಹೊರಟ ದಾರ ತೊಲೆಗುಂಟ ಸಾಗಿ, ಅಡಿಗೆಮನೆಯನ್ನು ದಾಟಿ, ಅದರಾಚೆಯ ಮಗ್ಗದ ಕೋಣೆಗೆ ಹೋಗುತ್ತಿತ್ತು. ಅಲ್ಲಿ ಅವ್ವನ ಮಗ್ಗದ ಮೇಲೆ, ಅವಳ ಕಣ್ಣಿನ ಎದುರಿಗೆ, ಒಂದು ಕೆಂಪು ರೇಷ್ಮೆ ಕುಚ್ಚಾಗಿ ಇಳಿಬಿದ್ದಿತ್ತು. ಒಮ್ಮೆ ಜಗ್ಗಿದರೆ ಬಾ ಎಂದು. ಎರಡು ಸಲ ಜಗ್ಗಿದರೆ ಊಟಕ್ಕೆ ಏಳು ಎಂದು. ಬಿಡದೆ ಜಗ್ಗುತ್ತಲೇ ಇದ್ದರೆ, ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಹೊರಗೆ ಬಾ, ಮನೆಯಲ್ಲಿ ಬೆಂಕಿಯೋ ಇನ್ನೇನೋ ಆಗಿದೆ ಎಂದು. ಈ ಮೂರು ಮಾತು ನನಗೆ ಅ ಆ ಇ ಈ ಬರುವ ಮೊದಲೇ ಬರುತ್ತಿದ್ದವು. ಸಾಲೆಗೆ ಸೇರಿದ ಹೊಸದರಲ್ಲಿ ಗೆಳತಿಯರ ಮನೆಗೆ ಹೋದಾಗ ಅವರ ಗೋಡೆಯ ಮೇಲೆ ನಾನು ಬಳೆ ಹುಡುಕಿದ್ದೆ. ಇವರು ತಮ್ಮ ಅವ್ವನನ್ನು ಹೇಗೆ ಕರೆಯುತ್ತಾರೋ ಎಂದು ಅವರ ಬಗ್ಗೆ ನನಗೆ ಕನಿಕರವಾಗಿತ್ತು.

ಅವ್ವ ಹುಟ್ಟಿನಿಂದ ಕಿವುಡಿಯಲ್ಲ. ಹುನಗುಂದದ ತವರಿನಲ್ಲಿ ಚಿಕ್ಕವಳಿದ್ದಾಗ ಜೋರು ಜ್ವರ ಬಂದು, ಜ್ವರ ಇಳಿದಾಗ ಕಿವಿಯನ್ನೂ ಒಯ್ದಿತ್ತು. ಮಾತು ಮಾತ್ರ ಉಳಿದಿತ್ತು. ಆದರೆ ಅದು ಏರಿಳಿತವಿಲ್ಲದ, ಒಂದೇ ಸಮನಾದ ಮಾತು. ಸಿಟ್ಟೂ ಅದೇ ದನಿಯಲ್ಲಿ, ಮುದ್ದೂ ಅದೇ ದನಿಯಲ್ಲಿ. ಆದ್ದರಿಂದ ಅವಳು ಏನು ಹೇಳುತ್ತಿದ್ದಾಳೆಂದು ತಿಳಿಯಲು ಅವಳ ಮುಖ ನೋಡಬೇಕಾಗುತ್ತಿತ್ತು. ನಾವು ಏನು ಹೇಳುತ್ತೇವೆಂದು ತಿಳಿಯಲು ಅವಳು ನಮ್ಮ ತುಟಿ ನೋಡಬೇಕಾಗುತ್ತಿತ್ತು. ಹೀಗಾಗಿ ನಮ್ಮ ಮನೆಯಲ್ಲಿ ಜಗಳವಾದರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಆಗಬೇಕಿತ್ತು. ಮದುವೆಯಾದ ಮೇಲೆ ನನ್ನ ಗಂಡ ವರ್ತಮಾನ ಪತ್ರಿಕೆ ಓದುತ್ತ, ತಲೆ ಎತ್ತದೆ ಹ್ಞೂಂಗುಟ್ಟುವುದನ್ನು ಕಂಡಾಗ ನನಗೆ ಮೈಯೆಲ್ಲ ಉರಿಯುತ್ತಿದ್ದುದಕ್ಕೆ ಇದೇ ಕಾರಣ. ಎಷ್ಟೋ ಸಲ ಪತ್ರಿಕೆ ಕಿತ್ತುಕೊಂಡಿದ್ದೇನೆ, ಈಗಲೂ ಅದಕ್ಕೆ ಪಶ್ಚಾತ್ತಾಪವಿಲ್ಲ.

ಕುಚ್ಚು ಬರುವ ಮೊದಲು ಆಯಿಯ ಪದ್ಧತಿ ಬೇರೆ ಇತ್ತಂತೆ. ಆಯಿ ಎಂದರೆ ಅಪ್ಪನ ತಾಯಿ. ಅವಳು ಮಡಿಲಲ್ಲಿ ಶೇಂಗಾ ಇಟ್ಟುಕೊಂಡು ಕೂತು, ಸೊಸೆಯನ್ನು ಕರೆಯಬೇಕೆನಿಸಿದಾಗ ಒಂದು ಶೇಂಗಾ ಗುರಿಯಿಟ್ಟು ಅವ್ವನ ಬೆನ್ನಿಗೆ ಎಸೆಯುತ್ತಿದ್ದಳು. ಅವ್ವ ತಿರುಗಿ ನೋಡಿ, ಬಿದ್ದ ಶೇಂಗಾ ಎತ್ತಿ, ಸುಲಿದು ಬಾಯಿಗೆ ಹಾಕಿಕೊಂಡು, ಆಮೇಲೆ ಏನು ಎಂದು ಕೇಳುತ್ತಿದ್ದಳು. ಆಯಿಗೆ ಅವ್ವನ ಮೇಲೆ ದ್ವೇಷವಿರಲಿಲ್ಲ, ಆದರೆ ಕಿವುಡಿ ಸೊಸೆ ತಂದೆವೆಂಬ ಮುಳ್ಳು ಮನಸ್ಸಿನಲ್ಲಿತ್ತು. ನಾಲ್ಕು ಜನ ಸೇರಿದ ಕಡೆ ಅವ್ವನನ್ನು ಹಿಂದೆ ಸರಿಸುತ್ತಿದ್ದಳು. ಹೆಸರು ಹಿಡಿದು ಕರೆಯುತ್ತಲೇ ಇರಲಿಲ್ಲ. ಕೇಳದವಳಿಗೆ ಹೆಸರು ಯಾಕೆ ಎಂಬ ಲೆಕ್ಕವಿರಬೇಕು. ಈ ಶೇಂಗಾದ ಆಟ ಅಪ್ಪನಿಗೆ ಸೇರಲಿಲ್ಲ. ಮಗ್ಗದಲ್ಲಿ ಉಳಿದ ತುಂಡು ಎಳೆಗಳನ್ನೆಲ್ಲ ಕೂಡಿಸಿ, ಒಂದು ವಾರ ಹೊಸೆದು, ಗೋಡೆಗೆ ಬಳೆ ಬಡಿದು ಈ ದಾರ ಎಳೆದ. ತುದಿಯ ಕುಚ್ಚನ್ನು ಸೆರಗಿನ ಕೆಂಪು ರೇಷ್ಮೆಯಲ್ಲೇ ಮಾಡಿದ.

ನಮ್ಮ ಮನೆ ಮಣ್ಣಿನ ಮಾಳಿಗೆಯ ಕಲ್ಲಿನ ಮನೆ. ಮುಂದೆ ಪಡಸಾಲೆ, ಅದರಲ್ಲಿ ಅಪ್ಪನ ಮಗ್ಗ. ನಡುವೆ ಅಡಿಗೆಮನೆ. ಅದರ ಹಿಂದೆ ಅವ್ವನ ಮಗ್ಗದ ಕೋಣೆ. ಆ ಕೋಣೆಗೆ ಕಿಟಕಿ ಇರಲಿಲ್ಲ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಒಂದು ತಲೆ ತೂರಿಸುವಷ್ಟು ಅಗಲ. ಅದರಿಂದ ಬೀಳುವ ಬಿಸಿಲು ಬೆಳಿಗ್ಗೆ ಗೋಡೆಯ ಮೇಲೆ, ಮಧ್ಯಾಹ್ನ ನೇಯುತ್ತಿದ್ದ ಸೀರೆಯ ಮೇಲೆ, ಇಳಿಹೊತ್ತಿಗೆ ನೀರಿನ ಕೊಡದ ಮೇಲೆ ಇರುತ್ತಿತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅಡಿಗೆಮನೆಗೆ ಬೆನ್ನು ಮಾಡಿ ಅವ್ವ ಕೂಡುತ್ತಿದ್ದಳು. ಹೊರಗೆ ಹೋಗಲು ಇದ್ದ ದಾರಿ ಒಂದೇ, ಅದು ಅಡಿಗೆಮನೆಯ ಮೂಲಕ. ಒಲೆ ಇರುವ ಕೋಣೆಯನ್ನು ದಾಟದೆ ಅವ್ವ ಬೀದಿ ಕಾಣುವಂತಿರಲಿಲ್ಲ. ಇದು ಎಂಥ ಅಪಾಯವೆಂದು ಆ ಮನೆ ಕಟ್ಟಿದ ಮುತ್ತಜ್ಜನಿಗೆ ತಿಳಿದಿರಲಿಲ್ಲ, ಅವನ ಮನೆಯಲ್ಲಿ ಎಲ್ಲರಿಗೂ ಕಿವಿ ಕೇಳುತ್ತಿತ್ತು.

ಅವ್ವನಿಗೆ ಮಾತ್ರ ತಿಳಿದಿತ್ತು. ಬೆಂಕಿಯ ಜೊತೆಗೆ ಅವಳದೊಂದು ಕರಾರಿತ್ತು ಎನ್ನಬೇಕು. ರೊಟ್ಟಿ ಬಡಿದು ಮುಗಿದ ಮೇಲೆ ಕೆಂಡದ ಮೇಲೆ ಬೂದಿ ಮುಚ್ಚಿ, ಅಂಗೈಯನ್ನು ಒಲೆಯ ಮೇಲೆ ಹಿಡಿದು ಬಿಸಿ ನೋಡಿಯೇ ಮಗ್ಗಕ್ಕೆ ಹೋಗುತ್ತಿದ್ದಳು. ಸೀಮೆಎಣ್ಣೆ ಸ್ಟೋವು ಉರಿಯುತ್ತಿದ್ದರೆ ಅದರ ಮುಂದಿನಿಂದ ಏಳುತ್ತಿರಲಿಲ್ಲ. ಏಳಬೇಕಾದರೆ ಆರಿಸಿಯೇ ಏಳಬೇಕು. ಅಡಿಗೆಮನೆಯಲ್ಲಿ ನೂಲು ತೂಗುಹಾಕುವಂತಿಲ್ಲ. ಗಂಜಿ ಹಾಕಿ ಒಣಗಿಸಿದ ನೂಲಿನ ಲಡಿ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆಂದು ನೇಕಾರರ ಮಗಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಮಗ್ಗದ ಪಕ್ಕದಲ್ಲಿ ಒಂದು ಕೊಡ ನೀರು, ಒಂದು ಗೋಣಿಚೀಲ ಯಾವಾಗಲೂ ಇರಬೇಕು. ಮುಚ್ಚಿದ ಬಾಗಿಲನ್ನು ತೆರೆಯುವ ಮೊದಲು ಅಂಗೈಯ ಹಿಂಭಾಗ ತಾಗಿಸಿ ನೋಡಬೇಕು, ಬಿಸಿ ಇದ್ದರೆ ತೆರೆಯಕೂಡದು. ಇದನ್ನು ಅವಳಿಗೆ ಯಾರು ಹೇಳಿಕೊಟ್ಟಿದ್ದರೋ ಗೊತ್ತಿಲ್ಲ, ನನಗೆ ಅವಳು ಹೇಳಿಕೊಟ್ಟಳು. ನಾನು ಇವತ್ತಿಗೂ ಬಚ್ಚಲುಮನೆಯ ಬಾಗಿಲನ್ನು ಸಹ ಮುಟ್ಟಿ ನೋಡಿಯೇ ತೆರೆಯುತ್ತೇನೆ, ಮನೆಯವರು ನಕ್ಕರೆ ನಗಲಿ.

ಅಮಾವಾಸ್ಯೆ ಬಂದರೆ ಮಗ್ಗಕ್ಕೆ ಬಿಡುವು. ಅವತ್ತು ಅಪ್ಪ ಏಣಿ ಹಾಕಿ, ದಾರ ಎಲ್ಲಿ ಸವೆದಿದೆ ಎಂದು ಬೆರಳಿನಿಂದ ಸವರುತ್ತ ಹೋಗುತ್ತಿದ್ದ. ಸವೆದಲ್ಲಿ ಹೊಸ ಎಳೆ ಸೇರಿಸುತ್ತಿದ್ದ. ಆಮೇಲೆ ಪರೀಕ್ಷೆ. ಯಾವಾಗ ಎಂದು ಅವ್ವನಿಗೆ ಹೇಳುತ್ತಿರಲಿಲ್ಲ. ಅವಳು ಕುಚ್ಚಿನ ಕೆಳಗೆ ಕೂತು ನೂಲು ಬಿಡಿಸುತ್ತಲೋ ಹುರಕ್ಕಿ ಹೋಳಿಗೆಗೆ ಬೆಲ್ಲ ಕುಟ್ಟುತ್ತಲೋ ಇರುವಾಗ ಅಪ್ಪ ಪಡಸಾಲೆಯಲ್ಲಿ ನಿಂತು ದಾರವನ್ನು ಬಿಡದೆ ಜಗ್ಗುತ್ತಿದ್ದ. ಅವ್ವ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು, ನಗು ಬಿಗಿಹಿಡಿದು, ಅಡಿಗೆಮನೆ, ಪಡಸಾಲೆ ದಾಟಿ ಬೀದಿಗೆ ಬರುತ್ತಿದ್ದಳು. ನಾವೂ ಹಿಂದೆ. ಆಯಿ ಗೊಣಗುತ್ತ ಕೊನೆಗೆ. ಎಲ್ಲರೂ ಎದುರಿನ ಬೇವಿನ ಗಿಡದ ಕೆಳಗೆ ನಿಂತ ಮೇಲೆ ಅವ್ವ ತಲೆ ಎಣಿಸುತ್ತಿದ್ದಳು. ಓಣಿಯವರಿಗೆ ಇದೊಂದು ತಮಾಷೆ. ಬಣ್ಣದ ಭಟ್ಟಿಯ ಹುಸೇನ ಚಾಚಾ ತಮ್ಮ ಕಟ್ಟೆಯ ಮೇಲಿಂದ, ಇವತ್ತು ಅಮಾಸಿ ಅನ್ನೂದು ನಿಮ್ಮನ್ನ ನೋಡೇ ಗೊತ್ತಾತು ಎಂದು ಅಪ್ಪನನ್ನು ಕಾಡಿಸುತ್ತಿದ್ದರು. ತಿರುಗಿ ಒಳಗೆ ಹೋದರೆ ಬಿಸಿ ಹೋಳಿಗೆ, ತುಪ್ಪ. ಬೆಂಕಿಯ ಪಾಠವೆಂದರೆ ನನ್ನ ನಾಲಗೆಗೆ ಈಗಲೂ ಬೆಲ್ಲದ ರುಚಿ ನೆನಪಾಗುತ್ತದೆ.

ಅಪ್ಪನ ತಂಗಿ ಸರೋಜತ್ತೆ ಆಗ ಮದುವೆಯ ವಯಸ್ಸಿನವಳು. ಅವ್ವ ಈ ಮನೆಗೆ ಬಂದಾಗ ಅವಳಿನ್ನೂ ಲಂಗದ ಹುಡುಗಿ. ಅವ್ವನ ಜೊತೆ ದನಿ ಇಲ್ಲದೆ, ಬರಿ ತುಟಿಯಲ್ಲಿ ಮಾತಾಡುವುದನ್ನು ಎಲ್ಲರಿಗಿಂತ ಮೊದಲು ಕಲಿತವಳು ಅವಳೇ. ಆಯಿ ಎದುರಿಗೆ ಕೂತಿದ್ದರೂ ಇವರಿಬ್ಬರೂ ಅವಳ ಬಗ್ಗೆಯೇ ಸದ್ದಿಲ್ಲದೆ ಚಾಡಿ ಹೇಳಿಕೊಂಡು, ಮುಖ ಗಂಭೀರ ಮಾಡಿಕೊಂಡು ಕೂಡುತ್ತಿದ್ದರು. ಆಯಿಗೆ ಸಂಶಯ ಬಂದು ಏನದು ಎಂದರೆ ಅತ್ತೆ, ಸಾರಿಗೆ ಉಪ್ಪು ಕೇಳಿದೆ ಎನ್ನುವಳು. ಅತ್ತೆಗೆ ಬಾದಾಮಿಯಿಂದ ಒಂದು ಸಂಬಂಧ ಬಂತು. ಕಿರಾಣಿ ಅಂಗಡಿಯ ಮನೆತನ, ಹುಡುಗನೂ ಒಳ್ಳೆಯವನೆಂದು ಎಲ್ಲ ಕಡೆಯಿಂದ ಮಾತು ಬಂದಿತ್ತು. ಆಯಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಜೊತೆಗೇ ಹೆದರಿಕೆಯೂ ಹತ್ತಿತು. ಮನೆಯಲ್ಲೊಬ್ಬ ಕಿವುಡಿ ಇದ್ದಾಳೆಂದು ತಿಳಿದರೆ ಇದು ಮನೆತನದ ರೋಗವೆಂದು ತಿಳಿಯುತ್ತಾರೆ, ನಾಳೆ ಹುಟ್ಟುವ ಮಕ್ಕಳ ಮಾತು ಎತ್ತುತ್ತಾರೆ ಎಂದು. ಅವ್ವ ಬೇರೆ ಮನೆಯಿಂದ ಬಂದವಳು, ಅವಳದು ಜ್ವರದ ಕಿವುಡು ಎಂದು ಅಪ್ಪ ಎಷ್ಟು ಹೇಳಿದರೂ, ಜನ ಅಷ್ಟೆಲ್ಲ ಬಿಡಿಸಿ ನೋಡುವುದಿಲ್ಲ ಎಂದಳು. ಆ ಮಾತಿನಲ್ಲಿ ಆಯಿಯದು ತಪ್ಪಿರಲಿಲ್ಲ. ಜನ ಬಿಡಿಸಿ ನೋಡುವುದಿಲ್ಲ.

ಕೊನೆಗೆ ಉಪಾಯ ಮಾಡಿದವಳು ಅವ್ವನೇ. ಬೀಗರು ಬರುವಷ್ಟರಲ್ಲಿ ತಾನು ಅಡಿಗೆ ಮುಗಿಸಿ ಮಗ್ಗಕ್ಕೆ ಕೂಡುವುದು, ನಡುವಿನ ಬಾಗಿಲು ಎಳೆದುಕೊಳ್ಳುವುದು, ಸೊಸೆ ಅವಸರದ ಸೀರೆಯ ಕೆಲಸದಲ್ಲಿದ್ದಾಳೆ ಎಂದು ಆಯಿ ಹೇಳುವುದು. ಆದರೆ ಪಡಸಾಲೆಯ ಗೋಡೆಯಲ್ಲಿ ಬಳೆ, ತಲೆಯ ಮೇಲೆ ದಾರ. ಕಂಡವರು ಕೇಳದೆ ಬಿಡುತ್ತಾರೆಯೇ. ಹಿಂದಿನ ದಿನ ಸಂಜೆ ಅವ್ವ ಸ್ಟೂಲು ತಂದು ಹತ್ತಿದಳು. ಅದು ಕುಂಟುವ ಸ್ಟೂಲು, ಸರೋಜತ್ತೆ ಕೆಳಗೆ ಅದನ್ನು ಹಿಡಿದುಕೊಂಡು ಅಳುತ್ತ ನಿಂತಿದ್ದಳು. ಅಪ್ಪ ಮಗ್ಗದಿಂದ ಎದ್ದು ಬಂದು ಅವ್ವನ ಮುಖದ ಎದುರು ನಿಂತ.

"ಇದನ್ನ ತಗದ್ರ ನೀ ಒಳಗ ಒಬ್ಬಾಕೀನ ಆಗ್ತಿ. ನಾವು ಎಷ್ಟ್ ಒದರಿದ್ರೂ ನಿನಗ ಮುಟ್ಟಂಗಿಲ್ಲ."

"ಒಂದು ಮಧ್ಯಾಹ್ನದ ಮಾತೈತಿ. ಸರೋಜಾನ ಬಾಳೇವು ಆಗ್ಲಿ ಬಿಡ್ರಿ. ಆಮ್ಯಾಲ ನೀವ ಕಟ್ಟೀರಂತ."

ಅವಳು ಅದನ್ನು ಗಟ್ಟಿಯಾಗಿ, ತನ್ನ ಆ ಒಂದೇ ದನಿಯಲ್ಲಿ ಹೇಳಿ, ಗಂಟು ಬಿಚ್ಚಿ, ದಾರವನ್ನು ಸುತ್ತಿ ಸುತ್ತಿ ಸಿಂಬಿ ಮಾಡಿ, ಕುಚ್ಚನ್ನು ಮೇಲಿಟ್ಟು, ಪಡಸಾಲೆಯ ಗೂಡಿನಲ್ಲಿ ಶಿವಯೋಗ ಮಂದಿರದ ವಿಭೂತಿ ಗಟ್ಟಿಯ ಹಿಂದೆ ಇಟ್ಟಳು. ಅಪ್ಪ ಅಂದು ಊಟ ಮಾಡಲಿಲ್ಲ. ಗೋಡೆಯಲ್ಲಿ ಬಳೆ ಮಾತ್ರ ಉಳಿದಿತ್ತು, ಆಯಿ ಅದಕ್ಕೊಂದು ಹೂವಿನ ಮಾಲೆ ಹಾಕಿ ಮರೆಮಾಡಿದಳು.

ಮರುದಿನ ಮನೆಯೆಲ್ಲ ಸಾರಿಸಿ, ಧೂಪ ಹಾಕಿದ್ದರು. ಸರೋಜತ್ತೆ ಉಟ್ಟದ್ದು ಅವ್ವ ತನ್ನ ಕೈಯಾರೆ ಅವಳಿಗಾಗಿಯೇ ನೇಯ್ದ ಸೀರೆ, ಕಡುಹಸಿರು ಒಡಲು, ಕೆಂಪು ಸೆರಗು. ಅವ್ವ ಅವಳ ನಿರಿಗೆ ಸರಿಮಾಡಿ, ದೃಷ್ಟಿ ತೆಗೆದು, ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಲಾಳಿಯ ಸದ್ದು ಶುರುವಾಯಿತು. ಬೀಗರು ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟರು. ಪಡಸಾಲೆಯಲ್ಲಿ ಇನ್ನೂ ಅಪ್ಪನ ನೂಲಿನ ಲಡಿಗಳು ಗಳಕ್ಕೆ ತೂಗುತ್ತಿದ್ದವು. ಗಾಡಿಯಿಂದ ಅವರು ಇಳಿಯುವಷ್ಟರಲ್ಲಿ ಆಯಿ ಗಳದ ಸಮೇತ ಲಡಿಗಳನ್ನು ಎತ್ತಿ ಅಡಿಗೆಮನೆಗೆ ಒಯ್ದು, ಅಲ್ಲಿನ ಗೂಟಗಳ ಮೇಲೆ ಇಟ್ಟುಬಿಟ್ಟಳು. ಅವ್ವ ಹೊರಗಿದ್ದರೆ ಅದು ಆಗುತ್ತಿರಲಿಲ್ಲ. ಒಲೆಯ ಪಕ್ಕದ ಸ್ಟೋವಿನ ಮೇಲೆ ಆಯಿ ಇಟ್ಟ ಮಿರ್ಚಿ ಭಜಿಯ ಎಣ್ಣೆ ಕಾಯುತ್ತಿತ್ತು.

ಅಲ್ಲಿಂದ ಮುಂದೆ ಎಲ್ಲವೂ ಒಂದರ ಹಿಂದೊಂದು ನಡೆದುಹೋಯಿತು. ಹುಡುಗನ ತಾಯಿ ಒಂದು ಮಾತು ಕೇಳಲು ಕರೆದಳೆಂದು ಆಯಿ ಒಂದು ಸುತ್ತು ಭಜಿ ಕರಿದು ತೆಗೆದು, ಸ್ಟೋವು ಹಾಗೆಯೇ ಬಿಟ್ಟು ಪಡಸಾಲೆಗೆ ಬಂದು ಕೂತಳು. ಮಾತಿಗೆ ಮಾತು ಬೆಳೆಯಿತು. ಸರೋಜತ್ತೆ ಚುರಮರಿ, ಭಜಿಯ ತಾಟು ಇಟ್ಟು ನಮಸ್ಕಾರ ಮಾಡುತ್ತಿದ್ದಳು. ಅಡಿಗೆಮನೆಯಿಂದ ಹೊಗೆ ಬರುತ್ತಿದೆಯೆಂದು ಮೊದಲು ಹೇಳಿದವನು ಹುಡುಗನ ತಂದೆ. ಆಯಿ ಓಡಿದಳು. ಬಾಣಲೆಯ ಎಣ್ಣೆ ಹೊತ್ತಿಕೊಂಡಿತ್ತು. ಗಾಬರಿಯಲ್ಲಿ ಅವಳು ಒಂದು ತಂಬಿಗೆ ನೀರು ಅದರ ಮೇಲೆ ಎರಚಿದಳು. ಉರಿ ಭುಗ್ಗೆಂದು ಎದ್ದು ಮೇಲಿನ ಲಡಿಗಳಿಗೆ ಮುಟ್ಟಿತು. ಗಂಜಿ ಹಾಕಿದ ನೂಲು, ನೋಡುನೋಡುತ್ತ ಅಡಿಗೆಮನೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಬೆಂಕಿಯಾಯಿತು. ಅಪ್ಪ ಆಯಿಯನ್ನು ರಟ್ಟೆ ಹಿಡಿದು ಹೊರಗೆ ಎಳೆದ. ಉರಿಯ ಆಚೆ ಮುಚ್ಚಿದ ಬಾಗಿಲು, ಬಾಗಿಲ ಆಚೆ ಲಾಳಿಯ ಸದ್ದು ಇನ್ನೂ ಕೇಳುತ್ತಿತ್ತು. ಧೂಪದ ವಾಸನೆ, ಭಜಿಯ ವಾಸನೆ ಬೆಳಗಿನಿಂದ ಮನೆ ತುಂಬಿತ್ತು, ಅವ್ವನ ಮೂಗೂ ಅಂದು ಅವಳಿಗೆ ಏನೂ ಹೇಳಲಿಲ್ಲ.

ಎಲ್ಲರೂ ಕೂಗಿದರು. ಬೀಗರು ಕೂಗಿದರು, ಓಣಿಯವರು ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಆಯಿ.

"ಗಂಗಾ! ಏ ಗಂಗವ್ವಾ!"

ಆಯಿಯ ಬಾಯಿಂದ ಅವ್ವನ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪ ಕೂಗಲಿಲ್ಲ. ನೇರವಾಗಿ ಗೋಡೆಯ ಹತ್ತಿರ ಹೋಗಿ ಮಾಲೆಯನ್ನು ಕಿತ್ತೆಸೆದು ಕೈ ಹಾಕಿದ. ಕೈಗೆ ಬರಿ ಬಳೆ ಸಿಕ್ಕಿತು. ಅಪ್ಪನ ಆ ಮುಖದ ಬಗ್ಗೆ ನಾನು ಇಷ್ಟು ವರ್ಷದಲ್ಲಿ ಯಾರಿಗೂ ಹೇಳಿಲ್ಲ, ಇಲ್ಲಿಯೂ ವರ್ಣಿಸುವುದಿಲ್ಲ.

ಅಷ್ಟರಲ್ಲಿ ಸರೋಜತ್ತೆ ಗೂಡಿನಿಂದ ದಾರದ ಸಿಂಬಿ ಎಳೆದುಕೊಂಡು ಬೀದಿಗೆ ಹಾರಿದ್ದಳು. ಹೊರಗೋಡೆಗೆ ಮಾಳಿಗೆಯ ಏಣಿ ಯಾವಾಗಲೂ ಆನಿಸಿರುತ್ತಿತ್ತು. ಹಸಿರು ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಸಿಕ್ಕಿಸಿ, ತನ್ನನ್ನು ನೋಡಲು ಬಂದವರೆಲ್ಲ ನೋಡುತ್ತಿರುವಾಗಲೇ ಅವಳು ಏಣಿ ಏರಿದಳು. ನಾನು ಅವಳ ಹಿಂದೆ ಏರಿದೆ, ಯಾರೂ ತಡೆಯಲಿಲ್ಲ. ಮಾಳಿಗೆಯ ಮೇಲೆ ಓಡಿ, ಬೆಳಕಿಂಡಿಯ ಪಕ್ಕದಲ್ಲಿ ಬೋರಲು ಬಿದ್ದು, ದಾರದ ತುದಿಯನ್ನು ಒಳಗೆ ಬಿಟ್ಟಳು. ನಾನು ಅವಳ ಭುಜದ ಮೇಲಿಂದ ಇಣುಕಿದೆ. ಕೆಳಗೆ ಅವ್ವನ ಬೈತಲೆ, ನೇಯುತ್ತಿದ್ದ ಕೈಗಳು. ಬಾಗಿಲ ಸಂದಿನಿಂದ ಹೊಗೆ ನೂಲಿನಂತೆ ಒಳಗೆ ಬರುತ್ತಿತ್ತು, ಅದು ಅವಳ ಬೆನ್ನ ಹಿಂದೆ. ಕೆಂಪು ಕುಚ್ಚು ಇಳಿಯುತ್ತ ಇಳಿಯುತ್ತ ಅವಳ ಕಣ್ಣಿನ ಎದುರು ಬಂದು ಕುಣಿಯಿತು. ಅತ್ತೆ ಬಿಡದೆ ಅಲ್ಲಾಡಿಸಿದಳು. ಅವ್ವನ ಕೈಗಳು ನಿಂತವು. ತಲೆ ಎತ್ತಿ ನೋಡಿದಳು. ಬೆಳಕಿಂಡಿಯಲ್ಲಿ ಅತ್ತೆಯ ಮುಖ ಕಂಡದ್ದೇ ಅವ್ವ ನಕ್ಕಳು. ನಕ್ಕು, ಹುಬ್ಬೇರಿಸಿ, ಕೈಯಿಂದ ಕೇಳಿದಳು, ಒಪ್ಪಿದರೇ ಎಂದು.

ಅತ್ತೆ ತುಟಿ ಬಿಡಿಸಿ ಬಿಡಿಸಿ, ದನಿಯಿಲ್ಲದೆ ಹೇಳಿದಳು. ಬೆಂಕಿ. ಅಡಿಗೆಮನಿ. ಅವ್ವ ತಿರುಗಿ ಹೊಗೆ ಕಂಡಳು. ಕುಚ್ಚಿನ ಕಾಯಿದೆಯ ಪ್ರಕಾರ ಎದ್ದು ಹೊರಗೆ ಓಡಬೇಕಿತ್ತು, ಆದರೆ ಹೊರಗೆಂದರೆ ಉರಿಯೊಳಗೆ. ಅವಳು ಕುಣಿಯಿಂದ ಎದ್ದು ಬಾಗಿಲಿಗೆ ಅಂಗೈಯ ಹಿಂಭಾಗ ತಾಗಿಸಿದಳು, ಚಟ್ಟನೆ ಹಿಂದೆ ಎಳೆದುಕೊಂಡಳು. ಮತ್ತೆ ಮೇಲೆ ನೋಡಿದಳು. ಅತ್ತೆ ತಲೆ ಅಲ್ಲಾಡಿಸಿದಳು, ತೆರೆಯಬೇಡ. ಅವ್ವ ಗೋಣಿಚೀಲವನ್ನು ಕೊಡದಲ್ಲಿ ಅದ್ದಿ ಬಾಗಿಲ ಕೆಳಗಿನ ಸಂದಿಗೆ ತುರುಕಿದಳು. ಸೆರಗು ಒದ್ದೆಮಾಡಿ ಮೂಗಿಗೆ ಕಟ್ಟಿಕೊಂಡು ಬೆಳಕಿಂಡಿಯ ಕೆಳಗೆ ಬಂದು ನಿಂತಳು. ಒಂದು ಕೈಯಲ್ಲಿ ಕುಚ್ಚು ಹಿಡಿದುಕೊಂಡಿದ್ದಳು. ದಾರದ ಇನ್ನೊಂದು ತುದಿ ಅತ್ತೆಯ ಕೈಯಲ್ಲಿತ್ತು. ಕೆಳಗೆ ಅಪ್ಪ, ಹುಸೇನ ಚಾಚಾ, ಹುಡುಗನ ತಂದೆ ಸಹ, ಬುಟ್ಟಿ ಬುಟ್ಟಿ ಮಣ್ಣು, ಒದ್ದೆ ಕಂಬಳಿ ಹಾಕಿ ಬೆಂಕಿ ಆರಿಸುತ್ತಿದ್ದರು. ಅದು ಆರುವವರೆಗೂ ಅತ್ತೆ ಕಿಂಡಿಯಿಂದ ಮುಖ ಸರಿಸಲಿಲ್ಲ. ಕೆಳಗಿನ ಸುದ್ದಿಯನ್ನು ನಾನು ಮಾಳಿಗೆಯ ಅಂಚಿಗೆ ಓಡಿ ನೋಡಿ ಬಂದು ಹೇಳುತ್ತಿದ್ದೆ, ಅವಳು ಅವ್ವನಿಗೆ ತುಟಿಯಲ್ಲಿ ದಾಟಿಸುತ್ತಿದ್ದಳು. ನಡುನಡುವೆ ಅವರಿಬ್ಬರೂ ಬೇರೆ ಏನೋ ಮಾತಾಡಿಕೊಂಡರು. ಏನು ಮಾತಾಡಿದಿರಿ ಎಂದು ಆಮೇಲೆ ಎಷ್ಟು ಕೇಳಿದರೂ ಅತ್ತೆ ಹೇಳಲಿಲ್ಲ.

ಬಾಗಿಲು ಕರಿಕಾಗಿತ್ತು, ಸುಟ್ಟುಹೋಗಿರಲಿಲ್ಲ. ಅಪ್ಪ ಅದನ್ನು ತೆರೆದು ಅವ್ವನನ್ನು ಪಡಸಾಲೆಗೆ ಕರೆತಂದಾಗ, ಮಾಳಿಗೆಯಿಂದ ಇಳಿದ ಅತ್ತೆಯೂ ಬಂದಳು. ಸೀರೆಯ ತುಂಬ ಮಣ್ಣು, ಏಣಿಗೆ ಸಿಕ್ಕು ಸೆರಗು ಹರಿದಿತ್ತು. ಅವ್ವ ಬೀಗರ ಎದುರಿಗೇ, ಅವರೆಲ್ಲ ಇದ್ದಾರೆಂಬ ಪರಿವೆಯಿಲ್ಲದೆ, ತನ್ನ ದನಿಯಲ್ಲಿ ಹೇಳಿದಳು, ಸೀರಿ ಎಂಥಾದ್ದು ಮಾಡಿಕೊಂಡೀಯಲ್ಲ ಎಂದು. ಹುಡುಗನ ತಾಯಿ ಅವಳಿಗೆ ಏನೋ ಸಮಾಧಾನ ಹೇಳಿದಳು. ಅವ್ವ ಆ ಕಡೆ ನೋಡುತ್ತಿರಲಿಲ್ಲ, ಉತ್ತರಿಸಲಿಲ್ಲ. ಆ ಹೆಂಗಸು ಆಯಿಯ ಮುಖ ನೋಡಿದಳು. ಆಯಿ ಸುಟ್ಟ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನೆಲ ನೋಡುತ್ತಿದ್ದಳು. ಆಗ ಸರೋಜತ್ತೆ ಮುಂದೆ ಬಂದು ನಿಂತಳು.

"ನಮ್ಮ ವೈನಿಗೆ ಕಿವಿ ಕೇಳಂಗಿಲ್ರಿ. ನಿಮಗ ಗೊತ್ತಾಗಬಾರ್ದಂತ ಮುಚ್ಚಿಟ್ಟಿದ್ವಿ. ಅದಕ್ಕಽ ಆಕಿ ಸಾಯ್ತಿದ್ಲು."

ಹುಡುಗನ ತಾಯಿ ಒಳ್ಳೆಯವಳೇ. ಅತ್ತೆಯ ಗದ್ದ ಹಿಡಿದು, ಭಾಳ ಧೈರ್ಯದಾಕಿ ಇದ್ದೀ ಎಂದಳು. ಹೋಗುವಾಗ ಅವ್ವನ ಕೈಯನ್ನೂ ಮುಟ್ಟಿ ಹೋದಳು. ಬಾದಾಮಿಯಿಂದ ಮುಂದೆ ಸುದ್ದಿ ಬರಲಿಲ್ಲ. ಆಯಿ ಕೆಲವು ದಿನ ಅವ್ವನ ಜೊತೆ ಮಾತು ಬಿಟ್ಟಳು. ಮಾತು ಬಿಟ್ಟಿದ್ದಾಳೆಂಬುದು ಅವ್ವನಿಗೆ ಗೊತ್ತಾಗಲೇ ಕೆಲವು ದಿನ ಹಿಡಿಯಿತು, ಗೊತ್ತಾದ ಮೇಲೆ ಇಬ್ಬರೂ ನಕ್ಕರು. ಸೊಸೆಯ ಮೇಲಿನ ಸಿಟ್ಟಲ್ಲ ಅದು, ಮುಖ ತೋರಿಸಲಾಗದ ನಾಚಿಕೆ ಎಂದು ನಾನು ಬಹಳ ದೊಡ್ಡವಳಾದ ಮೇಲೆ ಅರ್ಥ ಮಾಡಿಕೊಂಡೆ. ಮುಂದಿನ ಅಮಾವಾಸ್ಯೆಗೆ ಹೊಸ ದಾರ ಹೊಸೆದವಳು ಆಯಿ. ಕೈ ಇನ್ನೂ ಪೂರ್ತಿ ಮಾಯ್ದಿರಲಿಲ್ಲ, ಬೇರೆಯವರಿಗೆ ಕೊಡಲಿಲ್ಲ. ಅಪ್ಪ ಮಗ್ಗದ ಕೋಣೆಯ ಹಿಂದಿನ ಗೋಡೆ ಒಡೆದು ಹಿತ್ತಲಿಗೆ ಒಂದು ಬಾಗಿಲು ಇಟ್ಟ. ಅಲ್ಲಿಂದ ಅವ್ವನ ಮಗ್ಗಕ್ಕೆ ಗಾಳಿ ಬಂತು, ಪಕ್ಕದ ಮನೆಯ ಕೋಳಿಗಳೂ ಬಂದವು.

ಅಮೀನಗಡದಿಂದ ಕರದಂಟಿನ ಅಂಗಡಿಯವರು ಅತ್ತೆಯನ್ನು ನೋಡಲು ಬಂದದ್ದು ಇನ್ನೊಂದು ವರ್ಷದ ಮೇಲೆ. ಅಂದು ಯಾರೂ ಏನನ್ನೂ ಬಿಚ್ಚಲಿಲ್ಲ. ಎಲ್ಲರೂ ಕೂತ ಮೇಲೆ ಅತ್ತೆಯೇ ಎದ್ದು ಹೋಗಿ ದಾರ ಜಗ್ಗಿದಳು. ಒಳಗಿನಿಂದ ಅವ್ವ ಬಂದಳು. ಇವರು ನಮ್ಮ ವೈನಿ, ಕಿವಿ ಕೇಳುವುದಿಲ್ಲ, ಇವರೊಡನೆ ಮುಖ ಕೊಟ್ಟು ಮಾತಾಡಬೇಕು ಎಂದು ಅತ್ತೆ ಹೇಳಿದಳು. ಹುಡುಗ, ಅಂದರೆ ಆಮೇಲೆ ಅತ್ತೆಯ ಗಂಡನಾಗಿ ನನ್ನ ಮಾವನಾದವನು, ಎದ್ದು ಬಳೆಯ ಹತ್ತಿರ ಹೋಗಿ, ತಾನೂ ಒಮ್ಮೆ ಅದನ್ನು ಜಗ್ಗಿ ನೋಡಬಹುದೇ ಎಂದು ಕೇಳಿದ. ಅತ್ತೆ ಆ ಕ್ಷಣಕ್ಕೇ ಒಪ್ಪಿಬಿಟ್ಟಳೆಂದು ನಾವು ಈಗಲೂ ಅವಳನ್ನು ಕಾಡಿಸುತ್ತೇವೆ. ಅವ್ವ ಆ ಹರಿದ ಹಸಿರು ಸೀರೆಯ ಸೆರಗನ್ನು ಎಳೆ ಎಳೆಯಾಗಿ ಕೂಡಿಸಿ ಸರಿಮಾಡಿದ್ದಳು. ಅತ್ತೆ ಮದುವೆಯಾಗಿ ಹೋಗುವಾಗ ಉಟ್ಟದ್ದು ಅದನ್ನೇ.

ಅವ್ವ ಹೋಗಿ ಬಹಳ ವರ್ಷವಾಯಿತು. ಆ ಮನೆಯಲ್ಲಿ ಈಗ ನನ್ನ ತಮ್ಮನ ಪವರ್‌ಲೂಮುಗಳಿವೆ. ನಾನು ಬಾಗಲಕೋಟೆಯ ನವನಗರದಲ್ಲಿ ಮಗನ ಜೊತೆ ಇದ್ದೇನೆ, ಮತ್ತು ನನಗೂ ಕಿವಿ ಹೋಗುತ್ತಿದೆ. ಜ್ವರವಲ್ಲ, ವಯಸ್ಸು. ಅವ್ವನ ಮಗಳಾಗಿ ನಾನು ಇದನ್ನು ನಗುನಗುತ್ತ ಒಪ್ಪಿಕೊಂಡಿರಬೇಕಿತ್ತು. ಒಪ್ಪಲಿಲ್ಲ. ಕೇಳಿಸದಿದ್ದರೂ ಕೇಳಿಸಿದವಳಂತೆ ತಲೆದೂಗಿ, ದವಾಖಾನೆಯಲ್ಲಿ ಕೊಟ್ಟ ಮಷಿನ್ನನ್ನು ಕೂದಲಿನಲ್ಲಿ ಮುಚ್ಚಿಕೊಂಡು, ರಾತ್ರಿ ಅದನ್ನು ತೆಗೆದಿಟ್ಟು ಮಲಗುತ್ತೇನೆ. ಒಂದು ದಿನ ಗ್ಯಾಸಿನ ಮೇಲೆ ಹಾಲು ಇಟ್ಟು ನಾನು ಪಕ್ಕದ ಕೋಣೆಯಲ್ಲಿ ಕೂತಿದ್ದಾಗ ಪಾತ್ರೆ ಸುಟ್ಟು ಮನೆಯೆಲ್ಲ ಹೊಗೆಯಾಯಿತು. ಮಗ ಹೊಗೆ ಕಂಡರೆ ಕೂಗುವ ಒಂದು ಡಬ್ಬಿ ತಂದು ಹಾಕಿದ. ಅದು ಕೂಗಿದ್ದು ಮೇಲಿನ ಮನೆಯವರಿಗೆ ಕೇಳಿಸಿ ಅವರು ಇಳಿದು ಬಂದರು, ಕೆಳಗೇ ಕೂತಿದ್ದ ನನಗೆ ಕೇಳಿಸಲಿಲ್ಲ. ಆಮೇಲೆ ಬೇರೆ ತರಿಸಿದ. ಹೊಗೆ ಬಂದರೆ ಗೋಡೆಯ ಮೇಲಿನ ದೀಪ ಕಣ್ಣು ಕೋರೈಸುವಂತೆ ಹೊತ್ತಿ ಆರಿ ಮಾಡುತ್ತದೆ, ದಿಂಬಿನ ಕೆಳಗಿನ ಬಿಲ್ಲೆ ಗಡಗಡ ನಡುಗಿ ಎಬ್ಬಿಸುತ್ತದೆ. ಮಲಗಿದ ಕಿವುಡರಿಗೆ ಬೆಳಕಿಗಿಂತ ನಡುಕವೇ ನಂಬಿಗಸ್ಥ ಎಂದು ಮಗ ವಿವರಿಸಿದ. ಆಯಿಯ ಶೇಂಗಾ ನೆನಪಾಗಿ ನಾನು ನಕ್ಕೆ.

ಸರೋಜತ್ತೆ ಒಮ್ಮೆ ಬಂದಾಗ ಅದನ್ನು ನೋಡಿ ಚಿಕ್ಕ ಮಗುವಾಗಿಬಿಟ್ಟಳು. ಎಂಬತ್ತು ದಾಟಿದ ಮುದುಕಿ, ಪರೀಕ್ಷೆಯ ಗುಂಡಿ ಒತ್ತಿ ಒತ್ತಿ ದೀಪ ಮಿನುಗಿಸಿದಳು. ನನ್ನ ದಿಂಬಿನ ಮೇಲೆ ತಲೆಯಿಟ್ಟು ಮಲಗಿ ಬಿಲ್ಲೆ ನಡುಗಿದಾಗಲೆಲ್ಲ ನಕ್ಕಳು. ವೈನಿ ಇದನ್ನು ನೋಡಬೇಕಿತ್ತು ಎಂದು ಕಣ್ಣು ಒರೆಸಿಕೊಂಡಳು. ಅಲ್ಲಿಂದ ಪ್ರತಿ ಅಮಾವಾಸ್ಯೆಗೆ ಮೊಮ್ಮಗ ಗುಂಡಿ ಒತ್ತುತ್ತಾನೆ, ನಾವೆಲ್ಲ ಮನೆಯ ಮುಂದಿನ ರಸ್ತೆಗೆ ಬಂದು ನಿಲ್ಲುತ್ತೇವೆ. ನಾನು ತಲೆ ಎಣಿಸುತ್ತೇನೆ.

ಇಷ್ಟೆಲ್ಲ ಇದ್ದೂ, ಹೋದ ತಿಂಗಳು ಮೊಮ್ಮಗಳ ಮಾತುಕತೆಗೆಂದು ಹೊಸ ಬೀಗರು ಊಟಕ್ಕೆ ಬರುವವರಿದ್ದಾಗ ನಾನು ಏನು ಮಾಡಿದೆನೆಂದು ಹೇಳುತ್ತೇನೆ. ಬೆಳಿಗ್ಗೆ ಮಗ ಸೊಸೆ ಪೇಟೆಗೆ ಹೋದಾಗ, ಪಡಸಾಲೆಯ ಗೋಡೆಯ ಮೇಲಿನ ಆ ಬಿಳಿ ದೀಪವನ್ನು ಬಿಚ್ಚಿ ಕಪಾಟಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಒಂದು ಮಧ್ಯಾಹ್ನದ ಮಾತು ಎಂದುಕೊಂಡೆ. ಆ ಮಾತು ಯಾರದೆಂದು ಆಗ ನೆನಪಾಗಲಿಲ್ಲ. ಬೀಗರು ಬಂದು ಕೂತು, ಅಡಿಗೆಮನೆಯಲ್ಲಿ ಸೊಸೆ ಭಜಿಗೆ ಎಣ್ಣೆ ಇಟ್ಟಿದ್ದಾಗ, ಸರೋಜತ್ತೆ ಕೈಯಲ್ಲಿ ಕರದಂಟಿನ ಡಬ್ಬಿ ಹಿಡಿದು ತನ್ನ ಮಗನ ಹೆಗಲ ಮೇಲೆ ಕೈಯಿಟ್ಟುಕೊಂಡು ಬಂದಳು. ಎಲ್ಲರಿಗೂ ನಮಸ್ಕಾರ ಮಾಡಿ ಕೂಡುವ ಮೊದಲು ಅವಳ ಕಣ್ಣು ಗೋಡೆಗೆ ಹೋಯಿತು. ಅಲ್ಲಿ ಬರಿ ಮೊಳೆ ಇತ್ತು. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ನಿಧಾನ ನನ್ನ ಹತ್ತಿರ ಬಂದು, ಎದುರಿಗೆ ನಿಂತು, ದನಿ ತೆಗೆಯದೆ, ಬರಿ ತುಟಿಯಲ್ಲಿ ಹೇಳಿದಳು. ಬೀಗರಿಗೆ ಕೇಳಿಸಲಿಲ್ಲ. ಆ ಕೋಣೆಯಲ್ಲಿ ಅದು ತಿಳಿದದ್ದು ನನಗೊಬ್ಬಳಿಗೆ.

"ಹಿಂಗ ತಗದಿಟ್ಟಿದ್ದಕ್ಕ ಒಮ್ಮೆ ಮ್ಯಾಳಿಗಿ ಏರೇನಿ, ಶಾಂತಾ. ಈಗ ನನ್ನ ಕಡೆ ಏರೂದು ಆಗಂಗಿಲ್ಲವ್ವಾ."

ನಾನು ಒಳಗೆ ಹೋಗಿ ಕಪಾಟು ತೆರೆದೆ. ದೀಪ ತಂದು, ಬೀಗರೆಲ್ಲ ನೋಡುತ್ತಿರುವಾಗ ಸ್ಟೂಲು ಹತ್ತಿದೆ. ಮೊಳೆಗೆ ಅದನ್ನು ಸಿಕ್ಕಿಸುವವರೆಗೆ ಅತ್ತೆ ಕೆಳಗೆ ಸ್ಟೂಲು ಹಿಡಿದುಕೊಂಡು ನಿಂತಿದ್ದಳು.